ಎಲ್ಯೂಸಿಸ್‌ನ ಬಾವಿ ಪಕ್ಕ ಅಮ್ಮ

ಅಥೆನ್ಸ್‌ಗೆ ಹೋದವರೆಲ್ಲ ಅಕ್ರೊಪೊಲಿಸ್ ನೋಡ್ತಾರೆ. ನಾವೂ ನೋಡಿದ್ವಿ, ಬಿಸಿಲಲ್ಲಿ ಬೆಂದ್ವಿ. ಮರುದಿನ ಅಮ್ಮನನ್ನು ಬಸ್ ಹತ್ತಿಸಿ, ಸುಮಾರು 20 ಕಿ.ಮೀ. ದೂರದ ಎಲೆಫ್ಸಿನಾಕ್ಕೆ ಕರ್ಕೊಂಡು ಹೋದೆ. ಹಳೇ ಹೆಸರು ಎಲ್ಯೂಸಿಸ್. ಧಾನ್ಯದೇವತೆ ಡಿಮೀಟರ್‌ಳ ಕ್ಷೇತ್ರ. ಭಕ್ತರು ಅಥೆನ್ಸ್‌ನಿಂದ ಮೆರವಣಿಗೆಯಲ್ಲಿ ನಡೆದು ಬರುತ್ತಿದ್ದ ದಾರಿಗೆ ಇವತ್ತಿಗೂ 'ಪವಿತ್ರ ದಾರಿ' ಅಂತಲೇ ಹೆಸರು. ಈಗ ಅದರ ತುಂಬ ಟ್ರಾಫಿಕ್. ಊರ ಸುತ್ತ ತೈಲ ಶುದ್ಧೀಕರಣ ಘಟಕ, ಹಡಗು ಕಟ್ಟುವ ಜಾಗ.

"ದೇವಸ್ಥಾನ ಅಂತ ಹೇಳಿ ಪೀಣ್ಯಕ್ಕೆ ಕರ್ಕೊಂಡು ಬಂದ್ಯಲ್ಲೇ" ಅಂದಳು ಅಮ್ಮ.

ಒಳಗೆ ಉಳಿದಿರುವುದು ಕಂಬಗಳ ಬುಡ, ಬಂಡೆಯಲ್ಲೇ ಕೊರೆದ ಮೆಟ್ಟಿಲು. ಸಾವಿರಾರು ಜನ ಒಟ್ಟಿಗೆ ದೀಕ್ಷೆ ಪಡೆಯುತ್ತಿದ್ದ ಸಭಾಂಗಣ ಇದು. ಹೆಂಗಸರಿಗೂ, ಗುಲಾಮರಿಗೂ ಪ್ರವೇಶವಿತ್ತು. ಗ್ರೀಕ್ ಭಾಷೆ ತಿಳಿದಿರಬೇಕು, ಕೈಗೆ ಕೊಲೆಯ ರಕ್ತ ಅಂಟಿರಬಾರದು, ಅಷ್ಟೇ. ಒಳಗೆ ಕಂಡದ್ದನ್ನು ಹೊರಗೆ ಹೇಳಿದರೆ ಮರಣದಂಡನೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಗುಟ್ಟು ಹಾಗೇ ಉಳೀತು. ನಮ್ಮ ಆಫೀಸಿನ ಗುಟ್ಟು ಕ್ಯಾಂಟೀನ್ ತನಕವೂ ಉಳಿಯಲ್ಲ.

ಬಾಗಿಲ ಹತ್ತಿರ ಒಂದು ಹಳೇ ಬಾವಿ ಇದೆ. ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಳು. ನಾನು ಕಥೆ ಹೇಳಿದೆ: ಡಿಮೀಟರ್‌ಳ ಮಗಳು ಪರ್ಸೆಫೋನಿಯನ್ನು ಪಾತಾಳದ ರಾಜ ಹೇಡೀಸ್ ಹೊತ್ತುಕೊಂಡು ಹೋದ. ತಾಯಿ ಮುದುಕಿ ವೇಷದಲ್ಲಿ ಹುಡುಕುತ್ತಾ ಬಂದು ಈ ಊರಿನ ಬಾವಿಯೊಂದರ ಬಳಿ ಕೂತಳು. ಆಮೇಲೆ ಭೂಮಿಯಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡಿಬಿಟ್ಟಳು. ದೇವತೆಗಳೇ ಹೆದರಿ ಮಗಳನ್ನು ವಾಪಸ್ ಕಳಿಸಿದರು. ಆದರೆ ಅವಳು ಅಲ್ಲಿ ದಾಳಿಂಬೆ ಕಾಳು ತಿಂದಿದ್ದಳು. ಹಾಗಾಗಿ ವರ್ಷದಲ್ಲಿ ಮೂರನೇ ಒಂದು ಭಾಗ ಪಾತಾಳದಲ್ಲಿ, ಉಳಿದದ್ದು ಅಮ್ಮನ ಜೊತೆ.

"ಎಂಟು ತಿಂಗಳು ತವರು! ಪುಣ್ಯವಂತೆ" ಅಂದಳು ಅಮ್ಮ. ನಾನು ಊರಿಗೆ ಹೋಗೋದು ವರ್ಷಕ್ಕೆ ಮೂರು ವಾರ.

ಇನ್ನೊಂದು ಸಂಗತಿ ಅಮ್ಮನಿಗೆ ಬಹಳ ಹಿಡಿಸಿತು. ಇಲ್ಲಿದ್ದ ಒಂದು ಮುರಿದ ಶಿಲ್ಪವನ್ನು ಹಳ್ಳಿಯವರು ದೇವಿ ಅಂತ ನಂಬಿ, ಬೆಳೆ ಚೆನ್ನಾಗಿ ಬರಲಿ ಅಂತ ಅದರ ಸುತ್ತ ಗೊಬ್ಬರ ರಾಶಿ ಹಾಕುತ್ತಿದ್ದರಂತೆ. 1801ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಇಂಗ್ಲಿಷಿನವನು, ಊರವರು ಬೇಡ ಬೇಡ ಅಂದರೂ ಹೊತ್ತೊಯ್ದ. ಹಡಗು ಇಂಗ್ಲೆಂಡಿನ ತೀರದ ಹತ್ತಿರ ಒಡೆಯಿತು. ಶಿಲ್ಪ ಮಾತ್ರ ಉಳಿದು ಈಗ ಕೇಂಬ್ರಿಜ್‌ನ ಮ್ಯೂಸಿಯಮ್ಮಿನಲ್ಲಿದೆ.

"ಅಲ್ಲಿ ಗೊಬ್ಬರ ಯಾರು ಹಾಕ್ತಾರೆ?"

ಜರ್ಮನಿಯಲ್ಲಿ ಕಾಯಂ ವಾಸದ ಪರವಾನಗಿ ಸಿಕ್ಕಿ ಎರಡು ತಿಂಗಳಾಗಿತ್ತು. ಅಮ್ಮನಿಗೆ ಹೇಳಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ. ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನೀನು ದಾಳಿಂಬೆ ತಿಂದಾಯ್ತು ಅಂತ ಯಾವತ್ತೋ ಗೊತ್ತಾಗಿತ್ತು ಬಿಡೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಮೂರು ವಾರಾನ ಆರು ಮಾಡೋಕಾಗುತ್ತಾ ನೋಡು."

ಫೋನ್ ತೆಗೆದು ರಜೆ ಎಷ್ಟು ಉಳಿದಿದೆ ಅಂತ ನೋಡಿದೆ. ಹನ್ನೊಂದು ದಿನ.