ಹತ್ತಕ್ಕೆ ಎಷ್ಟು?

ಆಸ್ಟ್ರೇಲಿಯನ್ ಫುಟ್‌ಬಾಲ್ ಆಟ ಮುಗಿದು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಿಂದ ಸದರ್ನ್ ಕ್ರಾಸ್ ನಿಲ್ದಾಣದ ಕಡೆಗೆ ಸೇತುವೆಯ ಮೇಲೆ ಜನ ಹರಿದು ಬರುವಾಗ ಸೋಲು ಗೆಲುವಿನ ಮಾತು ಹೆಚ್ಚು ಹೊತ್ತು ನಡೆಯುವುದಿಲ್ಲ. ಅದು ಬೋರ್ಡಿನ ಮೇಲೆ ಎಲ್ಲರಿಗೂ ಕಂಡಾಗಿದೆ. ವೆರಿಬಿ ರೈಲಿನಲ್ಲಿ ನಿಲ್ಲಲು ಜಾಗ ಸಿಕ್ಕ ಮೇಲೆ ಬೇರೆ ಮಾತು ಶುರುವಾಗುತ್ತದೆ: ಇವತ್ತು ಯಾರು ಹೇಗೆ ಆಡಿದರು, ಹತ್ತಕ್ಕೆ ಎಷ್ಟು ಕೊಡಬಹುದು? ರಕ್‌ನಲ್ಲಿ ಆಡಿದವನಿಗೆ ಏಳು. ಏಳು ಜಾಸ್ತಿಯಾಯಿತು, ಆರೂವರೆ ಸಾಕು, ಕೊನೆಯ ಕ್ವಾರ್ಟರಿನಲ್ಲಿ ಓಡಲಾರದೆ ನಿಂತುಬಿಟ್ಟಿದ್ದ. ಹಾಫ್ ಬ್ಯಾಕ್ ಹುಡುಗನಿಗೆ ನಾಲ್ಕು. ನಾಲ್ಕು ಯಾಕೆ, ಅವನು ಕಾಯುತ್ತಿದ್ದವನು ಒಂದು ಗೋಲಾದರೂ ಹೊಡೆದನಾ? ಹೀಗೆ ಮುಖಪರಿಚಯವೂ ಇಲ್ಲದವರು, ಕೊರಳಲ್ಲಿ ಕೆಂಪು ಬಿಳಿ ನೀಲಿ ಸ್ಕಾರ್ಫ್ ಕಂಡ ಒಂದೇ ಸಲುಗೆಯಿಂದ, ಫುಟ್‌ಸ್ಕ್ರೇ ಬರುವಷ್ಟರಲ್ಲಿ ಅರ್ಧ ತಂಡದ ಲೆಕ್ಕ ಮುಗಿಸಿರುತ್ತಾರೆ.

ಆಟದಷ್ಟೇ ಈ ಲೆಕ್ಕವೂ ನನಗೆ ಇಷ್ಟ. ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ, ಟಾರ್ನೀಟ್, ಪಾಯಿಂಟ್ ಕುಕ್, ಹಾಪರ್ಸ್ ಕ್ರಾಸಿಂಗ್ ಕಡೆ, ಕನ್ನಡ ಮಾತಾಡುವ ಮನೆಗಳು ಈಗ ಸಾಕಷ್ಟಿವೆ. ಈ ಕಡೆಯ ಹಳೆಯ ತಂಡ ಫುಟ್‌ಸ್ಕ್ರೇ. ಈಗಿನ ಹೆಸರು ವೆಸ್ಟರ್ನ್ ಬುಲ್‌ಡಾಗ್ಸ್. ಕ್ರಿಕೆಟ್ ನೋಡಿ ಬೆಳೆದ ನಮಗೆ ಒಬ್ಬೊಬ್ಬ ಆಟಗಾರನ ಕೆಲಸವನ್ನು ಬೇರೆ ಬೇರೆಯಾಗಿ ಅಳೆಯುವುದು ಹೊಸದೇನಲ್ಲ. ಆದರೆ ಅಲ್ಲಿ ಒಬ್ಬ ಬೋಲಿಂಗ್ ಮಾಡುತ್ತಾನೆ, ಒಬ್ಬ ಎದುರಿಸುತ್ತಾನೆ, ಸ್ಕೋರ್ ಪುಸ್ತಕ ತಾನಾಗಿಯೇ ತುಂಬುತ್ತದೆ. ಇಲ್ಲಿ ಹಾಗಿಲ್ಲ. ಅದೇ ಕ್ರಿಕೆಟ್ ಅಂಗಳ, ಒಂದೊಂದು ಕಡೆಗೆ 18 ಜನ, ಬೆಂಚಿನಲ್ಲಿ ಇನ್ನೈದು ಜನ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, ಆರು ಪಾಯಿಂಟು; ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದೇ ಪಾಯಿಂಟು. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು ಇಲ್ಲವೇ ಮುಷ್ಟಿಯಿಂದ ಗುದ್ದಿ ದಾಟಿಸಬೇಕು (ಇದೇ ಹ್ಯಾಂಡ್‌ಬಾಲ್). ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಮಾರ್ಕ್. ಹಿಡಿದವನು ಯಾರ ಕಾಟವೂ ಇಲ್ಲದೆ ನಿಂತು ಒದೆಯಬಹುದು. ಆಫ್‌ಸೈಡ್ ಎಂಬುದೇ ಇಲ್ಲ. ಹಾಗಾಗಿ ಚೆಂಡು ಒಂದು ಕಡೆ ಇದ್ದಾಗ ಮೂವತ್ತು ಜನರ ಆಟ ಬೇರೆ ಕಡೆ ನಡೆಯುತ್ತಿರುತ್ತದೆ. ಅದನ್ನು ಯಾರು ಬರೆದಿಡಬೇಕು?

ಬರೆದಿಡುವವರಲ್ಲಿ ಮೊದಲಿಗರು ಅಂಪೈರುಗಳು. 1924ರಿಂದ ಬ್ರೌನ್‌ಲೋ ಪದಕ ಅವರ ಕೈಯಲ್ಲಿದೆ. ಪ್ರತಿ ಪಂದ್ಯ ಮುಗಿದ ಮೇಲೆ ಮೈದಾನದ ಅಂಪೈರುಗಳು ಕೂತು ಮಾತಾಡಿ ಮೂವರನ್ನು ಆರಿಸಿ 3, 2, 1 ಎಂದು ವೋಟು ಕೊಡುತ್ತಾರೆ. ಆ ಚೀಟಿಗಳನ್ನು ಸೆಪ್ಟೆಂಬರಿನ ಎಣಿಕೆಯ ರಾತ್ರಿಯ ತನಕ ತೆರೆಯುವುದಿಲ್ಲ. ಕೋಚ್‌ಗಳ ಲೆಕ್ಕ ಬೇರೆ: ಎರಡೂ ತಂಡದ ಕೋಚ್‌ಗಳು ತಲಾ ಐವರಿಗೆ 5, 4, 3, 2, 1 ಕೊಡುತ್ತಾರೆ, ಇಬ್ಬರೂ ಒಬ್ಬನನ್ನೇ ಮೊದಲಿಗೆ ಇಟ್ಟರೆ ಅವನಿಗೆ ಹತ್ತು. ಗ್ರ್ಯಾಂಡ್ ಫೈನಲ್ಲಿನ ಅತ್ಯುತ್ತಮನಿಗೆ 1979ರಿಂದ ನಾರ್ಮ್ ಸ್ಮಿತ್ ಪದಕವಿದೆ. ಹಿಂದೆ ಪತ್ರಿಕೆಗಳು ಸ್ಕೋರಿನ ಕೆಳಗೆ ‘ಬೆಸ್ಟ್’ ಎಂದು ಐದಾರು ಹೆಸರು ಹಾಕಿ ಸುಮ್ಮನಾಗುತ್ತಿದ್ದವು. ಎಲ್ಲವೂ ಕೆಲವರಲ್ಲೇ ನಿಂತುಬಿಡುತ್ತವೆ. ಅಂಪೈರುಗಳ ಲೆಕ್ಕವನ್ನೇ ನೋಡಿ. ಆಡಿದವರು 46 ಜನ, ವೋಟು ಮೂವರಿಗೆ. ಉಳಿದ 43 ಜನರಿಗೂ ಒಂದೇ ಸೊನ್ನೆ. ಇಡೀ ದಿನ ಎದುರಾಳಿಯ ದೊಡ್ಡ ಫಾರ್ವರ್ಡನ್ನು ಕಟ್ಟಿಹಾಕಿದವನಿಗೂ, ನಾಲ್ಕು ಸಲ ಚೆಂಡು ಕೈಬಿಟ್ಟವನಿಗೂ ಅದೇ.

ಅಂಪೈರುಗಳನ್ನು ದೂರುತ್ತಿಲ್ಲ. ಓಡುತ್ತಾ, ತಳ್ಳಾಟ ಬಿಡಿಸುತ್ತಾ, ನಿಯಮ ನೋಡುತ್ತಾ ಇರುವವರ ಕಣ್ಣಿಗೆ ಬೀಳುವುದು ಚೆಂಡಿನ ಹತ್ತಿರ ಇರುವವರು. ಆದ್ದರಿಂದಲೇ ಬ್ರೌನ್‌ಲೋ ಬಹುಮಟ್ಟಿಗೆ ಮಿಡ್‌ಫೀಲ್ಡರುಗಳ ಪದಕವಾಗಿಬಿಟ್ಟಿದೆ. ಅದಕ್ಕೆ ಇನ್ನೊಂದು ಕಟ್ಟು ಬೇರೆ: ಅದು ಅತ್ಯುತ್ತಮನಿಗೆ ಮಾತ್ರವಲ್ಲ, ನಡತೆಯಲ್ಲೂ ನೇರವಾಗಿರುವವನಿಗೆ, ಆ ವರ್ಷ ಒಂದು ಪಂದ್ಯದ ಅಮಾನತು ಆಗಿದ್ದರೂ ಪದಕವಿಲ್ಲ. 1997ರಲ್ಲಿ ನಮ್ಮ ಕ್ರಿಸ್ ಗ್ರಾಂಟ್ 27 ವೋಟು ಪಡೆದ. ಸೇಂಟ್ ಕಿಲ್ಡಾದ ರಾಬರ್ಟ್ ಹಾರ್ವಿಗೆ ಬಂದದ್ದು 26. ಗ್ರಾಂಟ್ ಆ ವರ್ಷ ಒಂದು ಪಂದ್ಯ ಅಮಾನತಾಗಿದ್ದ. ಪದಕ ಹಾರ್ವಿಯ ಕೊರಳಿಗೆ ಹೋಯಿತು. ಹಾರ್ವಿ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಫುಟ್‌ಸ್ಕ್ರೇ ಕಡೆಯ ಹಳಬರು ಆ ಇಪ್ಪತ್ತೇಳನ್ನು ಮನೆಯ ಆಸ್ತಿಪತ್ರದ ಸಂಖ್ಯೆಯ ಹಾಗೆ ನೆನಪಿಟ್ಟುಕೊಂಡಿದ್ದಾರೆ. ಪದಕ ಹೋದರೂ ವೋಟು ಅವನದೇ ಎಂಬುದು ಅವರ ವಾದ. ನನ್ನದೂ ಅದೇ.

ಈಗ ಯಂತ್ರದ ಲೆಕ್ಕವೂ ಬಂದಿದೆ. ಚಾಂಪಿಯನ್ ಡೇಟಾ ಎಂಬ ಸಂಸ್ಥೆ ಒಂದೊಂದು ಒದೆತ, ಒಂದೊಂದು ಹ್ಯಾಂಡ್‌ಬಾಲ್ ಎಣಿಸಿ ಇಡುತ್ತದೆ. ಅದನ್ನೇ ಆಧರಿಸಿ ಜನ ಫ್ಯಾಂಟಸಿ ತಂಡ ಕಟ್ಟುತ್ತಾರೆ: ಒದೆತಕ್ಕೆ 3, ಹ್ಯಾಂಡ್‌ಬಾಲ್‌ಗೆ 2, ಮಾರ್ಕ್‌ಗೆ 3, ಚೆಂಡು ಇರುವವನನ್ನು ಹಿಡಿದು ತಡೆಯುವ ಟ್ಯಾಕಲ್‌ಗೆ 4, ಗೋಲಿಗೆ 6. ನೇರವಾದ ಪಟ್ಟಿ, ಮಕ್ಕಳಿಗೂ ಬಾಯಿಪಾಠ. ಆದರೆ ಎದುರಾಳಿ ಮಾರ್ಕ್ ಹಿಡಿಯಲು ಹಾರಿದಾಗ ಹಿಂದಿನಿಂದ ಮುಷ್ಟಿ ತೂರಿಸಿ ಚೆಂಡನ್ನು ತಪ್ಪಿಸಿದವನಿಗೆ ಆ ಪಟ್ಟಿಯಲ್ಲಿ ಏನೂ ಇಲ್ಲ. ತನ್ನವನೊಬ್ಬ ಓಡಲೆಂದು ಮೈ ಅಡ್ಡ ಇಟ್ಟು ದಾರಿ ಬಿಡಿಸಿದವನಿಗೂ ಇಲ್ಲ. ಆಟದ ಮಾತಿನಲ್ಲಿ ಇವಕ್ಕೆ ‘ಒನ್ ಪರ್ಸೆಂಟರ್’ ಎನ್ನುತ್ತಾರೆ. ಪಂದ್ಯ ನಿಂತಿರುವುದೇ ಇವುಗಳ ಮೇಲೆ ಎಂದು ಎಲ್ಲ ಕೋಚ್‌ಗಳೂ ಹೇಳುತ್ತಾರೆ.

ನಾನು ಕೂರುವ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಫುಟ್‌ಸ್ಕ್ರೇಯಲ್ಲೇ ಹುಟ್ಟಿ ಬೆಳೆದವರು. ಗೋಲು ಕಂಬದ ಹಿಂದಿನ ಸೀಟೇ ಬೇಕು ಅವರಿಗೆ. ಪಕ್ಕದಿಂದ ನೋಡಿದರೆ ಚೆಂಡು ಕಾಣುತ್ತದೆ, ಹಿಂದಿನಿಂದ ನೋಡಿದರೆ ಆಟ ಕಾಣುತ್ತದೆ ಎನ್ನುತ್ತಾರೆ. ಪಂದ್ಯದ ದಿನ ಮಾರುವ ರೆಕಾರ್ಡ್ ಪುಸ್ತಿಕೆ, 1912ರಲ್ಲಿ ಶುರುವಾದದ್ದು, ಅವರ ತೊಡೆಯ ಮೇಲೆ ತೆರೆದೇ ಇರುತ್ತದೆ. ಗೋಲು, ಬಿಹೈಂಡ್ ಗುರುತು ಹಾಕಲು ಅದರಲ್ಲಿ ಹೆಸರಿನ ಮುಂದೆ ಜಾಗ ಬಿಟ್ಟಿರುತ್ತಾರೆ. ಬಹಳ ಜನ ಅಷ್ಟೇ ತುಂಬುತ್ತಾರೆ. ಇವರು ಅಂಚಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬೇರೆಯೇ ಲೆಕ್ಕ ಇಡುತ್ತಾರೆ. ಮುಷ್ಟಿಯಿಂದ ತಪ್ಪಿಸಿದ್ದಕ್ಕೆ ಒಂದು ಗೆರೆ. ಮೈ ಅಡ್ಡ ಕೊಟ್ಟದ್ದಕ್ಕೆ ಒಂದು ಸೊನ್ನೆ. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡದೆ ಸೊಂಟದ ಮೇಲೆ ಕೈ ಇಟ್ಟು ನಿಂತರೆ ಒಂದು ಅಡ್ಡಗೀಟು. ಮೂರನೆಯ ಕ್ವಾರ್ಟರ್ ಮುಗಿಯುವಾಗ ಪುಟದ ಅಂಚು ಪೂರ್ತಿ ತುಂಬಿ, ಹೊಸಬರಿಗೆ ತಲೆಬುಡ ತಿಳಿಯದ ಹಾಗಿರುತ್ತದೆ. ಒಮ್ಮೆ ನಾನು ಬ್ಯಾಕ್ ಪಾಕೆಟ್‌ನ ಒಬ್ಬ ಡಿಫೆಂಡರಿಗೆ ಐದು ಎಂದೆ, ಅವನಿಗೆ ಚೆಂಡೇ ಸಿಗಲಿಲ್ಲವಲ್ಲ ಎಂದು. ಅವರು ಪುಸ್ತಿಕೆಯನ್ನು ನನ್ನ ಕಡೆ ತಿರುಗಿಸಿದರು. ಅವನ ಹೆಸರಿನ ಪಕ್ಕ ಒಂಬತ್ತು ಗೆರೆ. “ಚೆಂಡು ಎಲ್ಲಿತ್ತು ಅಂತ ಎಲ್ಲರಿಗೂ ಗೊತ್ತು. ಅವನು ಎಲ್ಲಿದ್ದ ಅಂತ ನೋಡಿದಿರಾ?” ಎಂದು ಕೇಳಿ ಎಂಟು ಬರೆದರು.

ಅಭಿಮಾನಿ ಕೊಡುವ ಅಂಕಕ್ಕೆ ಬೆಲೆ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಅವನು ಅಥವಾ ಅವಳು ಮೂವರಲ್ಲಿ, ಐವರಲ್ಲಿ ನಿಲ್ಲಿಸುವುದಿಲ್ಲ. ಇಪ್ಪತ್ತಮೂರನೆಯವನ ತನಕ ಹೋಗಲೇಬೇಕು. ಆರು ಅಂಕದವನ ಬಗ್ಗೆ ಯೋಚಿಸುವವರು ಬೇರೆ ಯಾರಿದ್ದಾರೆ? ಆರು ಎಂದರೆ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಬಂದ, ತನ್ನ ಪಾಲಿನ ಕೆಲಸ ಮಾಡಿದ, ಹೋದ. ಒಂದು ತಂಡ ವರ್ಷಗಟ್ಟಲೆ ಬದುಕುವುದು ಆರರವರಿಂದ.

ಡೇಲ್ ಮೋರಿಸ್ ಎಂಬ ಬುಲ್‌ಡಾಗ್ಸ್ ಡಿಫೆಂಡರ್ ಇದ್ದ. ವೆರಿಬಿ ತಂಡದಲ್ಲಿ ಆಡುತ್ತಿದ್ದವನು, ದೊಡ್ಡ ಆಯ್ಕೆಯಲ್ಲಿ ಯಾರೂ ಕರೆಯದೆ ರೂಕಿ ಪಟ್ಟಿಯಿಂದ ಒಳಗೆ ಬಂದು 253 ಪಂದ್ಯ ಆಡಿದ. ವಾರ ವಾರ ಎದುರಾಳಿಯ ಅತಿ ಅಪಾಯದ ಫಾರ್ವರ್ಡ್ ಅವನ ಪಾಲಿಗೆ. 2016ರ ಗ್ರ್ಯಾಂಡ್ ಫೈನಲ್. 1954ರ ನಂತರ ಕ್ಲಬ್ಬಿಗೆ ಕಪ್ ಇಲ್ಲ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಸಿಡ್ನಿ ಎದುರು ಕೊನೆಯ ಕ್ವಾರ್ಟರ್, ಅಂತರ ಇನ್ನೂ ಎಟುಕುವಷ್ಟೇ. ನಡುಮೈದಾನದ ಹತ್ತಿರ ಚೆಂಡು ಲ್ಯಾನ್ಸ್ ಫ್ರ್ಯಾಂಕ್ಲಿನ್ ಕೈಗೆ ಬಂತು. ಫ್ರ್ಯಾಂಕ್ಲಿನ್ ಅಂದರೆ ಎರಡು ಹೆಜ್ಜೆ ಸಿಕ್ಕರೆ ಆಟದ ದಿಕ್ಕು ತಿರುಗಿಸುವ ಎಡಗಾಲಿನವನು. ಮೋರಿಸ್ ಹಿಂದಿನಿಂದ ಬಂದು ಅವನನ್ನು ತಬ್ಬಿ ಎಳೆದು ಕೆಡವಿದ. ಚೆಂಡು ಜಾರಿತು. ಟಾಮ್ ಬಾಯ್ಡ್ ಎತ್ತಿಕೊಂಡು ಅರವತ್ತು ಮೀಟರಿನಾಚೆಯಿಂದ ಒದ್ದ. ಅದು ನೆಲಕ್ಕೆ ಬಿದ್ದು ಪುಟಿದು ಕಂಬಗಳ ನಡುವೆ ಹೋಯಿತು. ಕೊನೆಗೆ 89–67. ಆ ವರ್ಷದ ಫೈನಲ್ಸ್ ಪಂದ್ಯಗಳನ್ನು ಮೋರಿಸ್ ಬೆನ್ನುಮೂಳೆ ಮುರಿದ ಸ್ಥಿತಿಯಲ್ಲೇ ಆಡಿದ್ದ ಎಂಬುದು ಆಮೇಲೆ ತಿಳಿಯಿತು.

ಫ್ಯಾಂಟಸಿ ಪಟ್ಟಿಯ ಪ್ರಕಾರ ಆ ಟ್ಯಾಕಲ್‌ಗೆ 4, ಬಾಯ್ಡನ ಒದೆತಕ್ಕೂ ಗೋಲಿಗೂ ಸೇರಿ 9. ನಾರ್ಮ್ ಸ್ಮಿತ್ ಪದಕ ಜೇಸನ್ ಜೊಹಾನಿಸನ್‌ಗೆ ಹೋಯಿತು. ಬಾಯ್ಡನಿಗೆ ಸಲ್ಲಬೇಕಿತ್ತು, ಲಿಯಾಮ್ ಪಿಕನ್‌ಗೆ ಸಲ್ಲಬೇಕಿತ್ತು ಎಂಬ ಚರ್ಚೆ ಇವತ್ತಿಗೂ ಉಂಟು. ಆದರೆ ಆ ದಿನದ ಬಗ್ಗೆ ಪಶ್ಚಿಮದ ಜನರನ್ನು ಕೇಳಿ ನೋಡಿ: ಗೋಲಿನ ಕಥೆ ಹೇಳುವವರು ಯಾರೂ ಬಾಯ್ಡನಿಂದ ಶುರುಮಾಡುವುದಿಲ್ಲ. “ಮೋರಿಸ್ ಬಂದ ನೋಡಿ...” ಎಂದೇ ಶುರು. ಪಟ್ಟಿಯ ಅಳತೆಗೆ ಸಿಗದ್ದನ್ನು ಅವರು ಹೀಗೆ ಬಾಯಿಂದ ಬಾಯಿಗೆ ದಾಟಿಸಿ ಉಳಿಸಿಕೊಂಡಿದ್ದಾರೆ.

ಅಂಕ ಕೊಡುವುದರಲ್ಲಿ ಒಂದು ಅನ್ಯಾಯವೂ ಇದೆ, ಅದು ಪ್ರೀತಿಯಿಂದಲೇ ಆಗುವಂಥದ್ದು. ಈಗಿನ ನಾಯಕ ಮಾರ್ಕಸ್ ಬೊಂಟೆಂಪೆಲಿಯನ್ನು ನೋಡಿ. ಇಪ್ಪತ್ತೈದು ಸಲ ಚೆಂಡು ಹಿಡಿದು ಒಂದು ಗೋಲು ಹೊಡೆದ ದಿನ ಬೇರೆಯವನಿಗಾದರೆ ಎಂಟೂವರೆ ಕೊಡುವವರು ಅವನಿಗೆ ಏಳು ಕೊಟ್ಟು, “ಬೊಂಟ್‌ಗೆ ಇದು ಸಾಧಾರಣ ದಿನ” ಎನ್ನುತ್ತಾರೆ. ಅವನನ್ನು ಅಳೆಯುವುದು ಅವನದೇ ಉತ್ತಮ ದಿನಗಳ ಎದುರು. ಬ್ರೌನ್‌ಲೋದಲ್ಲೂ ಅವನ ಹಣೆಬರಹ ಕೈಗೆ ಬಂದದ್ದು ತಪ್ಪಿದಂತೆಯೇ: 2021ರಲ್ಲಿ 33 ವೋಟು, ಗೆದ್ದ ಆಲಿ ವೈನ್ಸ್‌ಗೆ 36; 2023ರಲ್ಲಿ 29, ಗೆದ್ದ ಲಾಕಿ ನೀಲ್‌ಗೆ 31. ಅದೇ ಎರಡು ವರ್ಷವೂ ಲೀಗಿನ ಆಟಗಾರರೆಲ್ಲ ಸೇರಿ ತಮ್ಮ ಪ್ರಶಸ್ತಿಯನ್ನು ಅವನಿಗೇ ಕೊಟ್ಟರು. ಎದುರು ನಿಂತು ಆಡಿದವರ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಕೆಳಗಿನ ಅಂಕಗಳು. ಮೂರು, ಎರಡು ಎಂದು ಸಲೀಸಾಗಿ ಒಗೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹತ್ತೊಂಬತ್ತರ ಹುಡುಗ, ಹಿಂದಿನ ವರ್ಷ ಇಷ್ಟು ಹೊತ್ತಿಗೆ ಶಾಲೆಯ ಪರೀಕ್ಷೆಗೆ ಓದುತ್ತಿದ್ದವನು, ಮೂರನೆಯ ಪಂದ್ಯದಲ್ಲಿ ಹತ್ತು ವರ್ಷ ಆಡಿ ಮೈ ಗಟ್ಟಿಯಾದವನ ಎದುರು ನಿಲ್ಲುತ್ತಾನೆ. ಎರಡು ಸಲ ತಳ್ಳಿಸಿಕೊಂಡು ಬೀಳುತ್ತಾನೆ, ಎರಡೂ ಸಲ ಗೋಲಾಗುತ್ತದೆ, ದೊಡ್ಡ ಪರದೆಯ ಮೇಲೆ ಅವನು ಬಿದ್ದದ್ದನ್ನೇ ಮತ್ತೆ ತೋರಿಸುತ್ತಾರೆ. ಟಿವಿ ಕ್ಯಾಮೆರಾ ಚೆಂಡನ್ನು ಬಿಟ್ಟು ಕದಲುವುದಿಲ್ಲ. ಆ ಎರಡು ಗಳಿಗೆ ಬಿಟ್ಟರೆ ಉಳಿದ ಎರಡು ಗಂಟೆ ಆ ಹುಡುಗ ಏನು ಮಾಡಿದ ಎಂದು ಮನೆಯಲ್ಲಿ ಕೂತು ನೋಡಿದವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಿರುವಾಗ ಯಾವ ಧೈರ್ಯದಿಂದ ಎರಡು ಕೊಡುವುದು? ನಾಲ್ಕಕ್ಕಿಂತ ಕೆಳಗೆ ಇಳಿಯಬೇಕಾದರೆ ಅವನನ್ನು ಕಣ್ಣಾರೆ, ಚೆಂಡು ದೂರ ಇದ್ದಾಗಲೂ, ನೋಡಿರಬೇಕು. ಇದು ನನ್ನ ಕಟ್ಟು. ರೈಲಿನಲ್ಲಿ ಇದಕ್ಕಾಗಿ ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ.

ನೋಡುವ ಬಗೆಯನ್ನು ನನಗೆ ಕಲಿಸಿದವಳು ಮಗಳು. ಚಿಕ್ಕ ಮಕ್ಕಳಿಗೆ ಫುಟಿ ಕಲಿಸುವ ಆಸ್‌ಕಿಕ್‌ನಲ್ಲಿ ಆಡಿ ಈಗ ಹುಡುಗಿಯರ ತಂಡದಲ್ಲಿ ವಿಂಗ್ ಆಡುತ್ತಾಳೆ. ಒಂದು ಇಡೀ ಕ್ವಾರ್ಟರ್ ಒಬ್ಬನನ್ನೇ ನೋಡು, ಚೆಂಡು ಎಲ್ಲಿಗೆ ಹೋದರೂ ಕಣ್ಣು ತೆಗೆಯಬೇಡ ಎಂದು ಅವಳ ಕೋಚಮ್ಮ ಹೇಳಿದ್ದರಂತೆ. ಇಬ್ಬರೂ ಹಾಗೆ ಮಾಡಿ ನೋಡಿದೆವು. ಕ್ವಾರ್ಟರ್ ಎಂದರೆ ನಿಂತ ಹೊತ್ತೂ ಸೇರಿ ಅರ್ಧ ಗಂಟೆ. ಅವಳು ಆರಿಸಿದ ವಿಂಗ್ ಆಟಗಾರನಿಗೆ ಅಷ್ಟರಲ್ಲಿ ಚೆಂಡು ಸಿಕ್ಕಿದ್ದು ಮೂರೇ ಸಲ. ಆದರೆ ಅವನು ನಿಂತದ್ದೇ ಇಲ್ಲ. ತಮ್ಮವರು ಚೆಂಡು ಗೆಲ್ಲುತ್ತಾರೆಂದು ಮುಂದಕ್ಕೆ ಓಡುವುದು, ಕಳೆದುಕೊಂಡರೆ ಅಷ್ಟೇ ದೂರ ವಾಪಸು ಓಡಿ ಎದುರಾಳಿಯ ದಾರಿ ಮುಚ್ಚುವುದು, ಯಾರೂ ಚೆಂಡು ಕೊಡದಿದ್ದರೂ ಕೈ ಎತ್ತಿ ಜಾಗ ತೋರಿಸುವುದು. ಒಂದು ಪಂದ್ಯದಲ್ಲಿ ಇಂಥವರು ಹನ್ನೆರಡು ಹದಿಮೂರು ಕಿಲೋಮೀಟರ್ ಓಡುತ್ತಾರೆ; ಚೆಂಡು ಕೈಯಲ್ಲಿರುವುದು ಕೆಲವೇ ಕ್ಷಣ.

ಅವತ್ತು ಊಟದ ಹೊತ್ತಿಗೆ ನಾನು ಅವನಿಗೆ ಏಳು ಎಂದೆ.

“ಎಂಟು, ಅಪ್ಪಾ. ಅವನು ಓಡಿ ಜಾಗ ಖಾಲಿ ಮಾಡಿಕೊಟ್ಟಿದ್ದಕ್ಕೇ ಆ ಎರಡು ಗೋಲು ಬಂತು.”

“ಆದರೆ ಕೊನೆಯಲ್ಲಿ ಒದ್ದದ್ದು ನೇರ ಎದುರಾಳಿ ಕೈಗೆ.”

“ಅದಕ್ಕೇ ಒಂಬತ್ತು ಕೊಡಲಿಲ್ಲ.”

ಆ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಎಂಟೇ ಆಯಿತು.

ನಮ್ಮ ಅಂಕಗಳಿಗೆ ಒಂದು ಪರೀಕ್ಷೆ ಗುರುವಾರ ಸಂಜೆ ಇರುತ್ತದೆ, ಮುಂದಿನ ಪಂದ್ಯದ ತಂಡ ಪ್ರಕಟವಾದಾಗ. ಏಳು ಕೊಟ್ಟವನನ್ನು ಕೈಬಿಟ್ಟಿರುತ್ತಾರೆ. ನಾಲ್ಕು ಕೊಟ್ಟ ಹುಡುಗ ಹಾಫ್ ಬ್ಯಾಕ್‌ನಲ್ಲಿ ಹಾಗೇ ಇರುತ್ತಾನೆ. ಕೋಚ್‌ಗೆ ಏನೋ ಕಂಡಿದೆ, ನಮಗೆ ಕಂಡಿಲ್ಲ. ಆ ವಾರ ನಾವಿಬ್ಬರೂ ಆರಿಸಿಕೊಳ್ಳುವುದು ಆ ಹುಡುಗನನ್ನೇ: ಮೊದಲ ಕ್ವಾರ್ಟರ್ ಅವಳ ಪಾಲಿಗೆ, ಮೂರನೆಯದು ನನ್ನ ಪಾಲಿಗೆ.