ಎರೆಹೊಲದ ಶರದೃತು

ಈಗ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ದೂರವಾಣಿಯಲ್ಲಿ ಕೇಳಿದಳು: “ಸರ್ರ, ನಾಲ್ಕನೇ ಇಯತ್ತೆ ಹುಡುಗರಿಗೆ ಶರದೃತುವಿನ ಮ್ಯಾಲೆ ಬರಿಯೋದು, ಚಿತ್ರ ತೆಗಿಯೋದು ಹಚ್ಚಬೇಕ್ರಿ. ಇಂಟರ್ನೆಟ್‌ನಾಗ ನೋಡಿದ್ರ ಬರೇ ಮೇಪಲ್ ಎಲಿ, ಕುಂಬಳಕಾಯಿ. ಅವನ್ನ ನಮ್ಮೂರಾಗ ಎಲ್ಲಿಂದ ತರೂಣ್ರಿ?” ಆಕೆಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಶರತ್ಕಾಲದಲ್ಲಿ ಎಲೆ ಉದುರುವುದು ಶೀತದೇಶಗಳ ಮಾತು. ನಮ್ಮ ಬೇವು, ಅರಳಿಗಳು ಎಲೆ ಕಳಚುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಆಶ್ವಯುಜ ಮಾಸದಲ್ಲಿ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಬಿತ್ತಿಗೆ ನಡೆದಿರುತ್ತದೆ. ಅದೇ ಹೊತ್ತಿಗೆ ಕಲಘಟಗಿಯ ಕಡೆ ಭತ್ತ ತೆನೆ ಹಿರಿದಿರುತ್ತದೆ. ಎರಡೂ ಸೀಮೆಗಳಲ್ಲಿ ಪಾಠ ಹೇಳಿದ ನನಗೆ, ಒಂದೇ ಜಿಲ್ಲೆಯ ಮಕ್ಕಳಿಗೂ ಒಂದೇ ಶರದೃತುವಿಲ್ಲವೆಂಬುದು ಬೇಗನೆ ತಿಳಿಯಿತು.

ದಸರೆಯ ರಜೆಗೆ ನಾನು ಕೊಡುತ್ತಿದ್ದ ಅಭ್ಯಾಸ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವಿಜಯದಶಮಿಯಾದ ಐದು ದಿನಕ್ಕೆ ಶೀಗಿ ಹುಣ್ಣಿಮೆ. ಅಂದು ಭೂಮಿತಾಯಿ ಬಸುರಿಯೆಂದು ಭಾವಿಸಿ, ಬಯಕೆಯ ಊಟವನ್ನು ಹೊಲಕ್ಕೊಯ್ದು ಚರಗ ಚೆಲ್ಲುತ್ತಾರೆ. ಆ ದಿನ ಕಂಡದ್ದನ್ನು, ಕಂಡ ಕ್ರಮದಲ್ಲಿ ಹತ್ತು ಸಾಲು ಬರೆಯಬೇಕು. ಬುಟ್ಟಿಯಲ್ಲಿ ಏನೇನಿತ್ತು? ಪಾಂಡವರೆಂದು ಪೂಜಿಸಿದ ಐದು ಕಲ್ಲುಗಳನ್ನು ಎಲ್ಲಿಂದ ಆರಿಸಿದಿರಿ? ಚರಗ ಚೆಲ್ಲುವವರ ಹಿಂದೆ ನಡೆದವರು ಯಾರು? “ಹಬ್ಬವು ಬಹಳ ಚೆನ್ನಾಗಿತ್ತು” ಎಂಬ ವಾಕ್ಯಕ್ಕೆ ಮಾತ್ರ ನನ್ನಲ್ಲಿ ಅಂಕವಿರಲಿಲ್ಲ. ಇದರಿಂದ ಕೆಲವು ಪಾಲಕರಿಗೆ ಬೇಸರವಾದದ್ದೂ ಉಂಟು. ಆದರೆ ಪ್ರಬಂಧದ ಪುಸ್ತಕದಿಂದ ನಕಲಿಳಿಸುವ ಹುಡುಗರು ಸಜ್ಜಿರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿಗಳ ಹೆಸರು ಬರೆಯತೊಡಗಿದೊಡನೆ ಅವರ ವಾಕ್ಯಗಳಿಗೆ ಜೀವ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಿತ್ರಕ್ಕೆ ಬಣ್ಣದ ಪೆಟ್ಟಿಗೆ ಎಲ್ಲರಲ್ಲಿ ಎಲ್ಲಿಯದು? ಇದ್ದಿಲು, ಅರಿಷಿಣ, ಕೆಮ್ಮಣ್ಣು, ಬಸಳೆಯ ಹಣ್ಣಿನ ರಸ ಇಷ್ಟಿದ್ದರೆ ಸಾಕಾಗುತ್ತಿತ್ತು. ಹತ್ತಿಯ ಎಲೆಯನ್ನು ಕಾಗದದ ಕೆಳಗಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರೆ ನರನರವೂ ಮೂಡುತ್ತದೆ. ಮೇಪಲ್ ಎಲೆಗಿಂತ ಅದೇನು ಕಡಿಮೆ? ನವಲಗುಂದದ ಜಮಖಾನೆಯ ನವಿಲು, ಪಗಡೆಯ ಹಾಸುಗಳನ್ನು ಗಣಿತದ ಚೌಕುಳಿ ಪಟ್ಟಿಯಲ್ಲಿ ತುಂಬಿಸುವುದು ಐದನೆಯವರ ಕೆಲಸ. ದೀಪಾವಳಿಯ ಪಾಡ್ಯಕ್ಕೆ ಮನೆಯಲ್ಲಿ ಸೆಗಣಿಯಿಂದ ಪಾಂಡವರನ್ನು ಮಾಡಿ ಚೆಂಡುಹೂ, ಉತ್ತರಾಣಿ ಸಿಗಿಸುವ ಹುಡುಗಿಯರು ಪ್ರತಿಭಾ ಕಾರಂಜಿಯ ಮಣ್ಣಿನ ಕೆಲಸಕ್ಕೆ ಬೇರೆ ತರಬೇತಿಯನ್ನು ಬೇಡುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ 2003ರ ಮಾತನ್ನೂ ಆಕೆಗೆ ಹೇಳಿದೆ. ಅದು ಸತತ ಬರದ ಮೂರನೆಯ ವರ್ಷ. ರಜೆ ಮುಗಿಸಿ ಬಂದ ಮಕ್ಕಳಿಗೆ ‘ಶೀಗಿ ಹುಣ್ಣಿಮೆಯ ಹೊಲ’ದ ಚಿತ್ರ ಬರೆಯಲು ತಿಳಿಸಿದ್ದೆ. ಎಲ್ಲರ ಪಟ್ಟಿಗಳಲ್ಲೂ ಹಸಿರು ಬೆಳೆ, ಎರಡು ಗುಡ್ಡ, ನಡುವೆ ಸೂರ್ಯ. ಒಬ್ಬ ಹುಡುಗಿ ಮಾತ್ರ ಸುಮ್ಮನೆ ಕುಳಿತಿದ್ದಳು. ಕೇಳಿದರೆ, “ನಮ್ಮ ಹೊಲ ಬಿತ್ತೇ ಇಲ್ರಿ ಸರ್ರ. ಏನ್ ತೆಗೀಲಿ?” ಎಂದಳು. “ನೀನು ನೋಡಿದ್ದನ್ನೇ ತೆಗಿಯವ್ವಾ” ಎಂದು ಇದ್ದಿಲಿನ ತುಂಡು ಕೊಟ್ಟೆ.

ಅವಳು ಹಾಳೆಯ ತುಂಬ ಬಿರುಕುಗಳನ್ನು ಬರೆದಳು. ಬಿರುಕುಗಳ ನಡುವೆ ಐದು ಕಲ್ಲು, ಒಂದು ಪುಟ್ಟ ಬುಟ್ಟಿ, ಕೈ ಚಾಚಿ ನಿಂತ ಅಪ್ಪ. ಕೆಳಗೆ ಮೂರೇ ಸಾಲು: “ಅವ್ವ ಈ ಸಲ ಹೋಳಿಗೆ ಮಾಡಲಿಲ್ಲ. ರೊಟ್ಟಿ, ಪುಂಡಿಪಲ್ಯ ಒಯ್ದೆವು. ಅಪ್ಪ ಬಿತ್ತದ ಹೊಲಕ್ಕೂ ಚರಗ ಚೆಲ್ಲಿದ.”

ನಾನು ಅದನ್ನು ಗೋಡೆಗೆ, ಉಳಿದ ಹಸಿರು ಚಿತ್ರಗಳ ಸಾಲಿನಲ್ಲಿಯೇ ಅಂಟಿಸಿದೆ. ಏನೂ ವಿವರಿಸಲಿಲ್ಲ. ಮರುದಿನ ಪ್ರಾರ್ಥನೆ ಮುಗಿದ ಬಳಿಕ ಹಿಂದಿನ ಸಾಲಿನ ಇಬ್ಬರು ಹುಡುಗರು ಮೇಜಿನ ಹತ್ತಿರ ಬಂದು, ತಮ್ಮ ಚಿತ್ರಗಳನ್ನು ಮರಳಿ ಕೊಡಬೇಕೆಂದು ಕೇಳಿದರು. ಯಾಕೆಂದು ಕೇಳಿದೆ.

“ನಮ್ಮ ಹೊಲಾನೂ ಹಂಗ ಐತ್ರಿ ಸರ್ರ,” ಎಂದ ಒಬ್ಬ. ಇನ್ನೊಬ್ಬ ಆಗಲೇ ಇದ್ದಿಲಿಗೆ ಕೈ ಚಾಚಿದ್ದ.