ದೊರೆಯ ಡೈರಿ, ಭಾಗ 6: ಸೊಪ್ಪು ಅಂದ್ರೆ ಮುಖ ತಿರುಗಿಸೋ ಆಮೆ

ಫೋಟೊ 1
ಇಲ್ಲಿ ದೊರೆ ನಿದ್ದೆ ಮಾಡ್ತಿಲ್ಲ. ಕಣ್ಣು ಊದಿಕೊಂಡು ತೆರೆಯೋಕೇ ಆಗ್ತಿಲ್ಲ. ಡಿಸೆಂಬರ್‌ನಲ್ಲಿ ಸ್ಟೋರಿ ನೋಡಿ "ಸೋ ಕ್ಯೂಟ್" ಅಂತ ಹಾರ್ಟ್ ಒತ್ತಿದೋರಿಗೆಲ್ಲ ಇವತ್ತು ಪೂರ್ತಿ ಕಥೆ.

ಹೊಸಬರಿಗೆ ಪರಿಚಯ: ದೊರೆ ರೆಡ್ ಇಯರ್ಡ್ ಸ್ಲೈಡರ್, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರೋ ನೀರಾಮೆ. ಮೂಲ ಊರು ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆ. ಪಕ್ಕದ ಬೀದಿಯವರು ಮನೆ ಖಾಲಿ ಮಾಡುವಾಗ ಇವನನ್ನೂ, ಒಂದು ಡಬ್ಬ ಒಣ ಸೀಗಡಿಯನ್ನೂ ನಮ್ಮ ಕೈಗಿಟ್ಟು ಹೋದರು. "ಇದು ಬಿಟ್ಟು ಬೇರೇನೂ ತಿನ್ನಲ್ಲ" ಅಂದರು. ಮೂರು ವರ್ಷ ಅದೇ ಊಟ ಆಗಿತ್ತಂತೆ.

(ನಕ್ಷತ್ರ ಆಮೆ ಸಾಕಬಹುದಾ ಅಂತ ದಿನಾ ಕೇಳ್ತೀರಲ್ಲ, ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.)

ಫೋಟೊ 2
ಡಾಕ್ಟರ್ ಕಣ್ಣು ನೋಡಿದ ತಕ್ಷಣ ಕೇಳಿದ್ದು ಊಟದ ಬಗ್ಗೆ. ಬರೀ ಒಣ ಸೀಗಡಿಯಲ್ಲಿ ವಿಟಮಿನ್ ಎ ಸಾಲಲ್ಲ. ಅದು ಕಡಿಮೆಯಾದ್ರೆ ರೆಪ್ಪೆ ಊದುತ್ತೆ. ಕಣ್ಣು ಕಾಣದಿದ್ರೆ ಆಮೆ ಊಟ ಹುಡುಕಲ್ಲ. ಊಟ ಇಲ್ಲದಿದ್ರೆ ಕಣ್ಣು ಇನ್ನೂ ಕೆಡುತ್ತೆ. ಹೀಗೇ ಬಿಟ್ಟರೆ ಉಳಿಯಲ್ಲ ಅಂತ ನೇರವಾಗಿ ಹೇಳಿದರು. ಚಿಪ್ಪು ಗಟ್ಟಿಯಾಗಿರೋಕೆ ಕ್ಯಾಲ್ಸಿಯಂ ಬೇಕು, ಅದು ರಂಜಕಕ್ಕಿಂತ ಹೆಚ್ಚಿರಬೇಕು, ಸುಮಾರು 2ಕ್ಕೆ 1ರಂತೆ. ಆ ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬಿಸಿಲು ಬೇಕು. ಕಿಟಕಿ ಗಾಜಿನ ಒಳಗೆ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿ ಕಿರಣ ತಡೆಯುತ್ತೆ.

ಚಿಕಿತ್ಸೆ ಶುರುವಾಯ್ತು. ಮನೆಯಲ್ಲಿ ಇನ್ನೊಂದು ಚರ್ಚೆನೂ ಶುರುವಾಯ್ತು.

ಚಿಕ್ಕಪ್ಪ: "ಇಷ್ಟೆಲ್ಲ ಯಾಕಮ್ಮ? ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡು, ಪುಣ್ಯ ಬರುತ್ತೆ."

ನಾನು: "ಚಿಕ್ಕಪ್ಪ, ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇವನ ಜಾತಿ ಹೆಸರಿದೆ. ನಮ್ಮ ಆಮೆಗಳ ಊಟ, ಬಿಸಿಲು ಕಾಯೋ ಜಾಗ ಎರಡನ್ನೂ ಕಿತ್ಕೊಳ್ತಾನೆ."

ಚಿಕ್ಕಪ್ಪ ದೊರೆಯನ್ನ ನೋಡಿ, "ಇವನಾ?" ಅಂದ್ರು. ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದ ಪಾಪ. ಆದರೂ ಕೆರೆಗೆ ಬಿಡಲ್ಲ ಅಂತ ಆವತ್ತೇ ತೀರ್ಮಾನ ಆಯ್ತು. ಹಾಗಾದ್ರೆ ಉಳಿದ ದಾರಿ ಒಂದೇ, ತಿನ್ನಿಸಬೇಕು.

ಫೋಟೊ 3
ಕಣ್ಣು ತೆರೆದ ಮೇಲೆ ಅಸಲಿ ಯುದ್ಧ. ಕ್ಯಾರೆಟ್ ತುರಿ ಹಾಕಿದೆ, ಮೂಸಿ ಹೋದ. ನುಗ್ಗೆ ಸೊಪ್ಪು ಹಾಕಿದೆ, ಅದರ ಮೇಲೆ ಈಜಿದ. ಪೆಲೆಟ್ ಬಾಯಿಗೆ ಹಾಕ್ಕೊಂಡು ಉಗುಳಿದ. ಅಮ್ಮ ಹೇಳಿದ್ದು: "ಸೇಮ್ ನಿನ್ನ ಹಾಗೇ, ಹಾಗಲಕಾಯಿ ದಿನ."

ನಾನು ಗಮನಿಸಿದ ಮೊದಲ ವಿಷಯ: ಹಠ ಅನ್ಕೊಂಡಿದ್ದರಲ್ಲಿ ಅರ್ಧ ಚಳಿ. ಆಮೆಗೆ ಸ್ವಂತ ಮೈಬಿಸಿ ಇಲ್ಲ. ನೀರು ತಣ್ಣಗಿದ್ರೆ ಹಸಿವೂ ಇಲ್ಲ, ಜೀರ್ಣವೂ ಇಲ್ಲ. ಮೈಸೂರಿನ ಡಿಸೆಂಬರ್ ರಾತ್ರಿ ಗೊತ್ತಲ್ಲ. ಹೀಟರ್ ಹಾಕಿ ನೀರನ್ನ 26 ಡಿಗ್ರಿಗೆ ತಂದ ಮೇಲೆ ಓಡಾಟ ಜಾಸ್ತಿ ಆಯ್ತು.

ಎರಡನೇದು: ಹಸಿವಿದ್ದಾಗ ಸೊಪ್ಪು ಮೊದಲು. ಬೆಳಗ್ಗೆ ಬಿಸಿಲು ಕಾದು ಬಂದ ಮೇಲೆ ಬರೀ ಸೊಪ್ಪು. ಸೀಗಡಿ ಡಾಕ್ಟರ್ ಹೇಳಿದಷ್ಟೇ, ವಾರಕ್ಕೆ ಎರಡು ದಿನ, ಅವನ ತಲೆ ಗಾತ್ರದಷ್ಟು. ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಕ. (ಆ ತಕ್ಕಡಿ ಈಗ ಅವನದ್ದೇ. ಅಮ್ಮ ಬೇರೆ ತಗೊಂಡ್ರು.) ತೂಕ ಇಳಿದರೆ ತಕ್ಷಣ ಫೋನ್ ಮಾಡು ಅಂದಿದ್ದರು ಡಾಕ್ಟರ್. ಮೊದಲ ಭಾನುವಾರ 8 ಗ್ರಾಂ ಇಳಿದಿತ್ತು. ಕೈ ನಡುಗ್ತಾ ಫೋನ್ ಮಾಡಿದೆ. "ಇನ್ನೊಂದು ವಾರ ನೋಡೋಣ" ಅಂದ್ರು. ಆ ವಾರ ನನಗೂ ಊಟ ಸೇರಲಿಲ್ಲ.

ಮೂರನೇದು: ಸೀಗಡಿ ನೆನೆಸಿದ ನೀರಿಗೆ ಸೊಪ್ಪು ಅದ್ದಿ ಕೊಡೋದು. ವಾಸನೆಗೆ ಹತ್ತಿರ ಬಂದು ಕಚ್ಚಿ ಬಿಟ್ಟ. ಆದರೂ ಕಚ್ಚಿದನಲ್ಲ!

ಫೋಟೊ 4
ಹನ್ನೊಂದನೇ ದಿನ ಅಜ್ಜಿ ಪೂಜೆಗೆ ಕಿತ್ತ ದಾಸವಾಳದಲ್ಲಿ ಒಂದನ್ನ ತಂದು, "ಕೆಂಪಗಿದೆ, ಇದನ್ನ ಹಾಕಿ ನೋಡು" ಅಂದರು. ಔಷಧಿ ಹೊಡೆಯದ ಹಿತ್ತಲಿನ ಹೂ. ದಳ ನೀರಿನ ಮೇಲೆ ತೇಲ್ತಿದ್ದ ಹಾಗೇ ದೊರೆ ಕತ್ತು ಉದ್ದ ಮಾಡಿ ಒಂದೇ ಬಾಯಿಗೆ ಎಳ್ಕೊಂಡ. ಆಮೇಲೆ ಇನ್ನೊಂದು. ನಾನು ಕಿರುಚಿದ್ದಕ್ಕೆ ಅಪ್ಪ ಸ್ನಾನದಿಂದ ಹಾಗೇ ಓಡಿ ಬಂದ್ರು.

ಅಲ್ಲಿಂದ ದಾಸವಾಳದ ಎಳೆ ಎಲೆ, ಅಲ್ಲಿಂದ ಅಜೋಲಾ. ಹಸು ಸಾಕೋರು ಮೇವಿಗೆ ತೊಟ್ಟಿಯಲ್ಲಿ ಬೆಳೆಸ್ತಾರಲ್ಲ, ಅದೇ. ನಂಜನಗೂಡಿನ ಅತ್ತೆ ಮನೆಯಿಂದ ಒಂದು ಮಗ್ ತಂದೆ, ಈಗ ಟೆರೇಸ್‌ನ ಟಬ್‌ನಲ್ಲಿ ಹಬ್ಬಿದೆ.

ಫೋಟೊ 5: ಈಗಿನ ಮೆನು (ಸೇವ್ ಮಾಡ್ಕೊಳಿ)
🌿 ಅರ್ಧಕ್ಕಿಂತ ಹೆಚ್ಚು ಸೊಪ್ಪು: ದಾಸವಾಳದ ಎಲೆ, ನುಗ್ಗೆ, ಅಜೋಲಾ. ಮರಿಗಳಿಗೆ ಮಾಂಸಾಹಾರ ಜಾಸ್ತಿ ಬೇಕು, ದೊಡ್ಡವಾದ ಹಾಗೆ ಸೊಪ್ಪು ಜಾಸ್ತಿ.
🥕 ವಾರಕ್ಕೆರಡು ಸಲ ಕ್ಯಾರೆಟ್ ಅಥವಾ ಸಿಹಿಕುಂಬಳ ತುರಿ.
🐢 ಆಮೆ ಪೆಲೆಟ್ ಸ್ವಲ್ಪ.
🦐 ಸೀಗಡಿ ಈಗ ಹಬ್ಬದ ಊಟ ಮಾತ್ರ.
🦴 ನೀರಲ್ಲಿ ಸದಾ ಒಂದು ತುಂಡು ಕಟಲ್ ಬೋನ್.
❌ ಪಾಲಕ್, ಬಸಳೆ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಕೊಳ್ಳುತ್ತೆ. ಹಾಲು, ಬ್ರೆಡ್ ಬೇಡವೇ ಬೇಡ. ಮನಿ ಪ್ಲಾಂಟ್ ವಿಷ.
🧼 ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೀರಿ, ಸಾಲ್ಮೊನೆಲ್ಲಾ ತಮಾಷೆ ಅಲ್ಲ.

ಕಳೆದ ಭಾನುವಾರದ ತೂಕ 612 ಗ್ರಾಂ, ಶುರುವಿಗಿಂತ 31 ಜಾಸ್ತಿ. ಕಣ್ಣು ಎರಡೂ ಫುಲ್ ಓಪನ್.

ಅಂಗಡಿಯಲ್ಲಿ ನಾಣ್ಯದಷ್ಟು ಮರಿ ನೋಡಿ "ಒಂದು ತಗೊಳ್ಳೋಣ" ಅನ್ನಿಸಿದ್ರೆ ಒಂದು ಲೆಕ್ಕ ಹಾಕಿ: ಚೆನ್ನಾಗಿ ನೋಡ್ಕೊಂಡ್ರೆ ಇವು 30 ವರ್ಷ ಬದುಕಬಲ್ಲವು. ನಮ್ಮ ಡಿಗ್ರಿ, ಕೆಲಸ, ಮದುವೆ, ಮಕ್ಕಳ ಪಿಯುಸಿ ಎಲ್ಲದರ ಮಧ್ಯೆಯೂ ಯಾರೋ ಒಬ್ಬರು ದಿನಾ ಸೊಪ್ಪು ಕೀಳ್ತಿರಬೇಕು. ನಮ್ಮನೇಲಿ ಅದು ನಾನು.

ಭಾಗ 7ರಲ್ಲಿ: ಟ್ಯಾಂಕ್ ತೊಳೆಯೋದು, ಮತ್ತು ಆ ನೀರನ್ನ ಅಮ್ಮ ಗುಲಾಬಿ ಗಿಡಕ್ಕೆ ಯಾಕೆ ಕೇಳಿ ಕೇಳಿ ಇಸ್ಕೊಳ್ತಾರೆ ಅನ್ನೋದು.

#ದೊರೆಯಡೈರಿ #ಆಮೆ #ಮೈಸೂರು